ತಂಗಿಯ ಅಳತೆ

ಅಕ್ಕನಿಗೆ ಆ ಊರು ಕಂಡ ಕೂಡಲೇ ಹಿಡಿಸಿತು. ಇದೇನೂ ಸಣ್ಣ ಸಂಗತಿಯಲ್ಲ. ಬಟ್ಟೆ ಅಂಗಡಿಗೆ ಹೋದರೆ ಇಡೀ ಕಪಾಟು ಕೆಳಗಿಳಿಸಿ, ಒಂದೊಂದು ಥಾನನ್ನೂ ಬೆಳಕಿಗೆ ಹಿಡಿದು, ಜಗ್ಗಿ, ಮೂಸಿ, ಕೊನೆಗೆ “ನಾಳೆ ಬರ್ತೀನಿ” ಎಂದು ಕೈಕೊಡವಿ ಎದ್ದುಬರುವ ಹೆಂಗಸು ಅವಳು. ಅಂಥವಳು ರೈಲು ನಿಲ್ದಾಣದಿಂದ ಹೊರಗೆ ಬಂದು, ಸೇತುವೆಯ ನಡುವೆ ನಿಂತು, ನದಿಯ ಆಚೆ ದಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತ ಹಳೆಯ ಮನೆಗಳನ್ನೂ ಅವುಗಳ ಹಿಂದೆ ಎದ್ದಿದ್ದ ಗಂಟೆಗೋಪುರವನ್ನೂ ನೋಡಿ, ಪೆಟ್ಟಿಗೆಯನ್ನು ಕೆಳಗಿಟ್ಟು, “ಚೆನ್ನಾಗಿದೆ ಕಣೇ” ಎಂದಳು.

ತಂಗಿ ತಿರುಗಿ ನೋಡಿದಳು. “ಏನಂದೆ?”

“ಚೆನ್ನಾಗಿದೆ ಅಂದೆ. ಕಿವಿ ಕೇಳಿಸಲ್ವಾ?”

“ಕೇಳಿಸ್ತು. ನಿನ್ನ ಬಾಯಲ್ಲಿ ಇನ್ನೊಂದ್ಸಲ ಕೇಳೋಣ ಅನ್ನಿಸ್ತು.”

ಇಬ್ಬರೂ ನಕ್ಕರು. ಇಬ್ಬರ ಮೈಮೇಲೂ ಒಂದೇ ಬಟ್ಟೆಯ, ಒಂದೇ ಬೂದು ಬಣ್ಣದ ಹೊಸ ಕೋಟು ಇತ್ತು. ಪ್ರವಾಸಕ್ಕೆಂದೇ ಹೊಲಿದದ್ದು, ಹಗುರವಾಗಿರಲಿ ಎಂದು ಒಳಗೆ ಅಸ್ತರ್ ಕೂಡ ಹಾಕಿರಲಿಲ್ಲ. ಬಟ್ಟೆ ಆರಿಸಲು ಅಕ್ಕ ಆರು ಅಂಗಡಿ ಹತ್ತಿ ಇಳಿದಿದ್ದಳು.

ಅವರದು ಹೊಲಿಗೆ ಅಂಗಡಿ. ಅಪ್ಪ ಬಿಟ್ಟುಹೋದ ಅಂಗಡಿ, ಅಪ್ಪ ಬಿಟ್ಟುಹೋದ ಮೇಜು, ಅಪ್ಪ ಬಿಟ್ಟುಹೋದ ಬೈಗುಳ ಸಮೇತ ಅಕ್ಕತಂಗಿಯರು ನಡೆಸಿಕೊಂಡು ಬಂದಿದ್ದರು. ಕತ್ತರಿ ಅಕ್ಕನದು, ಸೂಜಿ ತಂಗಿಯದು. ಅಕ್ಕ ಅಳತೆ ತೆಗೆದು, ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಟ್ಟೆ ಕತ್ತರಿಸಿ ಕೊಡುವಳು. ತಂಗಿ ಆ ಗೆರೆಯ ಮೇಲೆ ಹೊಲಿಯುವಳು, ಇಸ್ತ್ರಿ ಹಾಕಿ ಮಡಚುವಳು. ಅಕ್ಕ ಯಂತ್ರದ ಮುಂದೆ ಕೂತವಳಲ್ಲ, ತಂಗಿ ಕತ್ತರಿ ಮುಟ್ಟಿದವಳಲ್ಲ. ಹುಡುಗಿಯರಾಗಿದ್ದಾಗ ಹಂಚಿಕೊಂಡ ಕೆಲಸ ತಲೆ ನರೆತರೂ ಹಾಗೇ ಉಳಿದಿತ್ತು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಯಾರೂ ಬೇಡ ಅಂದದ್ದಲ್ಲ. ಈ ಸೀಸನ್ ಮುಗಿಯಲಿ, ಈ ಸೀಸನ್ ಮುಗಿಯಲಿ ಎನ್ನುತ್ತ ಊರವರ ಮದುವೆಗೆಲ್ಲ ಬಟ್ಟೆ ಹೊಲಿಯುವುದರಲ್ಲಿ ತಮ್ಮದು ಮರೆತುಹೋಗಿತ್ತು. ಈ ಊರಿಗೆ ಬರಬೇಕೆಂಬ ಆಸೆಯೂ ಹಾಗೇ ಮುಂದೆ ಮುಂದೆ ಹೋಗಿತ್ತು. ಅಂಗಡಿಯ ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯಲ್ಲಿ ಈ ಸೇತುವೆ, ಈ ಗೋಪುರ ಇದ್ದವು. ವರ್ಷ ಮುಗಿದರೂ ಆ ಹಾಳೆಯನ್ನು ಅಕ್ಕ ಕೀಳಲು ಬಿಟ್ಟಿರಲಿಲ್ಲ.

ಈಗ ಕೊನೆಗೂ ಬಂದದ್ದಕ್ಕೆ ಕಾರಣ ಬೇರೆ ಇತ್ತು. ಹೊಲಿಗೆ ಯಂತ್ರ ರಿಪೇರಿ ಮಾಡುವ ಒಬ್ಬ ಮನುಷ್ಯ, ತನ್ನನ್ನು ಮದುವೆಯಾಗುತ್ತೀರಾ ಎಂದು ತಂಗಿಯನ್ನು ಕೇಳಿದ್ದ.

ಅವನು ಪಕ್ಕದ ಪಟ್ಟಣದವನು, ಹೆಂಡತಿಯನ್ನು ಕಳೆದುಕೊಂಡವನು. ಸದಾ ಜೇಬಿನಲ್ಲಿ ಎಣ್ಣೆಯ ಪುಟ್ಟ ಡಬ್ಬಿ ಇಟ್ಟುಕೊಂಡು ತಿರುಗುತ್ತಿದ್ದುದರಿಂದ ಅಕ್ಕ ಅವನಿಗೆ ‘ಎಣ್ಣೆಡಬ್ಬಿ’ ಎಂದು ಹೆಸರಿಟ್ಟಿದ್ದಳು. ಮಾತು ಕಡಿಮೆ. ಬಂದರೆ ಯಂತ್ರಕ್ಕೆ ಕಿವಿಯಿಟ್ಟು ಕೂರುವನು, ಎದ್ದು ಹೋಗುವನು. ಇಂಥವನ ಹೊಟ್ಟೆಯಲ್ಲಿ ಇಂಥ ಮಾತಿದೆ ಎಂದು ಅಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ತಂಗಿ ಒಂದು ಸಂಜೆ ಗುಂಡಿ ಹೊಲಿಯುತ್ತ, ತಲೆ ಎತ್ತದೆ, ವಿಷಯ ಹೇಳಿದಳು. “ನನಗೆ ಮನಸ್ಸಿದೆ ಅಕ್ಕ. ಆದ್ರೆ ನೀನು ಬೇಡ ಅಂದ್ರೆ ಬೇಡ. ನಿನ್ನ ಬಾಯಿಂದಲೇ ಬರಲಿ.”

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಅಕ್ಕನಿಗೆ, ನುಂಗಲೂ ಆಗದು, ಉಗುಳಲೂ ಆಗದು. “ಮೊದಲು ಆ ಊರು ನೋಡ್ಕೊಂಡು ಬರೋಣ. ವಾಪಸ್ ಬರೋ ಹೊತ್ತಿಗೆ ಹೇಳ್ತೀನಿ” ಎಂದುಬಿಟ್ಟಳು. ತಂಗಿ ಅದನ್ನೇ ಅವನಿಗೆ ತಿಳಿಸಿದಳು. ಅವನು, ನೀವು ವಾಪಸ್ ಬರುವ ರೈಲಿಗೆ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ, ಆಯ್ತು ಅನ್ನಿ, ಇಲ್ಲ ಅನ್ನಿ, ಪೆಟ್ಟಿಗೆ ಹೊತ್ತು ಮನೆಗೆ ತಲುಪಿಸಿ ಹೋಗುತ್ತೇನೆ ಎಂದಿದ್ದ.

ಹೀಗೆ ಉತ್ತರಕ್ಕೆ ಗಡುವು ಬಿದ್ದಿತ್ತು. ಮೂರನೆಯ ದಿನ ಸಂಜೆಯ ರೈಲು.

ಅಕ್ಕನ ಲೆಕ್ಕಾಚಾರವೇ ಬೇರೆ. ಇಬ್ಬರೂ ಒಟ್ಟಿಗೆ ಓಡಾಡಿ, ಒಟ್ಟಿಗೆ ನಕ್ಕು, ಕ್ಯಾಲೆಂಡರಿನ ಚಿತ್ರದೊಳಗೇ ಹೊಕ್ಕು ಬಂದರೆ ತಂಗಿಯ ಮನಸ್ಸು ತಾನಾಗಿ ತಿರುಗುತ್ತದೆ, ತನ್ನ ಬಾಯಿಂದ ‘ಬೇಡ’ ಎಂಬ ಕೆಟ್ಟ ಮಾತು ಬರುವುದು ತಪ್ಪುತ್ತದೆ ಎಂದು ಅವಳ ಎಣಿಕೆ. ಊರು ತೋರಿಸಿ ತಂಗಿಯನ್ನು ಮರುಳು ಮಾಡಲು ಬಂದವಳು ಮೊದಲು ತಾನೇ ಮರುಳಾದಳು, ಅಷ್ಟೇ.

ಮರುಳಾಗದೆ ಇರುವ ಊರೂ ಅಲ್ಲ ಅದು. ಬೀದಿಗೆಲ್ಲ ಕಲ್ಲು ಹಾಸು, ಆ ಕಲ್ಲಿಗೆ ನೂರಾರು ವರ್ಷಗಳ ಕಾಲು ತಾಗಿ ಬಂದ ನುಣುಪು. ಮನೆಗಳ ಮುಂದಿನ ಮೆಟ್ಟಿಲುಗಳು ನಡುವೆ ಸವೆದು ಬಟ್ಟಲಿನಂತಾಗಿದ್ದವು. ಕಿಟಕಿ ಬಾಗಿಲುಗಳಿಗೆಲ್ಲ ಹಸಿರು ಬಣ್ಣ, ಆದರೆ ಒಂದು ಮನೆಯ ಹಸಿರು ಇನ್ನೊಂದಕ್ಕಿಲ್ಲ. ಒಬ್ಬನೇ ಬಣ್ಣಗಾರ ಬೇರೆ ಬೇರೆ ದಿನ ಬಣ್ಣ ಕಲಸಿದಂತಿತ್ತು. ಒಂದು ಅಂಗಡಿಯಲ್ಲಿ ಮುದುಕನೊಬ್ಬ ಹಳೆಯ ಪುಸ್ತಕಗಳ ಬೆನ್ನಿಗೆ ದಾರ ಹಾಕುತ್ತಿದ್ದ, ಇನ್ನೊಂದರಲ್ಲಿ ಹೆಂಗಸೊಬ್ಬಳು ತಾಮ್ರದ ಪಾತ್ರೆಯ ತಗ್ಗು ಎತ್ತುತ್ತಿದ್ದಳು. ಅವಳ ಸುತ್ತಿಗೆಯ ಸದ್ದು ಓಣಿಯ ತಿರುವಿನವರೆಗೂ ಜೊತೆಗೆ ಬಂತು. ಒಂದು ದೊಡ್ಡ ಬಾಗಿಲಿಗೆ ಬಡಿಯುವ ಬಳೆಗಳು ಎರಡಿದ್ದವು, ಒಂದು ಎದೆಯ ಮಟ್ಟಕ್ಕೆ, ಇನ್ನೊಂದು ಕೈಗೆಟುಕದ ಎತ್ತರಕ್ಕೆ. ಮೇಲಿನದು ಯಾವ ದೆವ್ವಕ್ಕೆ ಎಂದು ಅಕ್ಕ ಕೇಳಿದ್ದಕ್ಕೆ, ಅಲ್ಲೇ ಗುಡಿಸುತ್ತಿದ್ದವನು, “ಕುದುರೆ ಮೇಲೆ ಬಂದವರಿಗೆ ಅಮ್ಮಾ. ಇಳಿದು ಬಡಿಯೋದು ಯಾಕೆ ಅಂತ” ಎಂದ. ಅಕ್ಕ ಆ ಬಾಗಿಲಿನ ಮುಂದೆ ಬಹಳ ಹೊತ್ತು ನಿಂತಳು. ಬಾಗಿಲು ಬಡಿಯುವವನ ಸೊಂಟದ ನೋವನ್ನೂ ಯೋಚಿಸಿ ಮನೆ ಕಟ್ಟಿದ ಜನರಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ನೋಡುವುದಾದರೂ ಸುಮ್ಮನೆ ನೋಡುವವಳೇ? ಟೇಪು ಕೊರಳಲ್ಲಿಲ್ಲದಿದ್ದರೂ ಚೀಲದಲ್ಲಿತ್ತು. ಕಣ್ಣಳತೆ ಅಂತೂ ಎಲ್ಲಿಗೂ ಬಿಡುವಂಥದ್ದಲ್ಲ. ಎದುರಿಗೆ ಬಂದವರನ್ನೆಲ್ಲ ಅಳೆದಳು. ಕೋಟೆಬಾಗಿಲಿನ ಕಾವಲುಗಾರನ ಎಡಹೆಗಲು ಇಳಿದಿದೆ, ಅವನ ದರ್ಜಿ ಅದನ್ನು ನೋಡಿಲ್ಲ ಎಂದಳು. ಟಿಕೆಟ್ ಕೊಡುವ ಹೆಂಗಸು ಉಸಿರು ಬಿಗಿಹಿಡಿದು ಗುಂಡಿ ಹಾಕಿದ್ದಾಳೆ, ಪಾಪ ಎಂದಳು. ಚೌಕದ ನಡುವೆ, ಕಾರಂಜಿಯ ಪಕ್ಕದಲ್ಲಿ ನಿಲ್ಲಿಸಿದ್ದ ಕಲ್ಲಿನ ದೊರೆಯನ್ನೂ ಬಿಡಲಿಲ್ಲ. ಅವನ ಸುತ್ತ ಪ್ರದಕ್ಷಿಣೆ ಹಾಕಿ ಬಂದು, “ಗುಂಡಿ ಆರಿವೆ, ತೂರಿಸೋ ಕಾಜ ಐದೇ. ಈತ ಊರು ಗೆದ್ದಿರಬಹುದು, ದರ್ಜಿಯನ್ನ ಗೆದ್ದಿಲ್ಲ” ಎಂದು ತೀರ್ಪು ಕೊಟ್ಟಳು. ತಂಗಿ ನಕ್ಕು ನಕ್ಕು ಕಾರಂಜಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅಕ್ಕನಿಗೆ ಹೊಟ್ಟೆ ತುಂಬಿತು.

ಅವರು ಇಳಿದುಕೊಂಡಿದ್ದ ವಸತಿ ಮನೆಯೂ ಹಳೆಯದೇ. ಮೇಲಂತಸ್ತಿನ ಕೋಣೆಯ ತೊಲೆ ಎಷ್ಟು ತಗ್ಗೆಂದರೆ ಮನೆಯೊಡತಿ ಅದಕ್ಕೆ ಮೆತ್ತೆ ಸುತ್ತಿ ಕಟ್ಟಿದ್ದಳು. ಕಿಟಕಿ ತೆರೆದರೆ ಎದುರುಮನೆಯ ಪರದೆಯ ಅಂಚಿನ ಹೆಮ್ಮಿಂಗನ್ನು ಪರೀಕ್ಷಿಸಬಹುದಿತ್ತು, ಅಕ್ಕ ಪರೀಕ್ಷಿಸಿದಳು ಕೂಡ. ಎರಡನೆಯ ಬೆಳಿಗ್ಗೆ ಹೊರಡುವಾಗ ಮನೆಯ ಪಕ್ಕದ ಗೋಡೆ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಮುಂದೆ ಮನೆಯಿರಲಿಲ್ಲ, ಪುಟ್ಟ ತೋಟವಿತ್ತು. ಗೋಡೆಯ ಆ ತುದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ, ಒಂದು ಬಿಟ್ಟು ಒಂದು ಕಲ್ಲು ಹಲ್ಲಿನಂತೆ ಹೊರಗೆ ಚಾಚಿಕೊಂಡಿತ್ತು.

“ಇದೇನಮ್ಮಾ, ಮೇಸ್ತ್ರಿ ಅರ್ಧಕ್ಕೆ ಕೆಲಸ ಬಿಟ್ಟು ಓಡಿಹೋದ್ನಾ?”

ಮನೆಯೊಡತಿ ನಕ್ಕಳು. “ಇಲ್ಲಮ್ಮಾ, ಬೇಕಂತಲೇ ಬಿಟ್ಟಿರೋದು. ಮುಂದೆ ಪಕ್ಕದಲ್ಲಿ ಯಾರಾದ್ರೂ ಮನೆ ಕಟ್ಟಿದ್ರೆ ಅವರ ಗೋಡೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ನಮ್ಮ ಮುತ್ತಜ್ಜನ ಕಾಲದಿಂದ ಕಾಯ್ತಾ ಇದೆ. ಯಾರೂ ಬರಲಿಲ್ಲ. ನಾವು ಹೂಕುಂಡ ಇಡ್ತೀವಿ.”

ಅಕ್ಕನ ಮುಖ ಅರಳಿತು. “ಅಯ್ಯೋ, ನಮ್ಮ ಕಸುಬಿನವರೇ ಇವರು! ನಾವೂ ಹೀಗೇ, ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡ್ತೀವಿ. ಬೇರೆ ಅಂಗಡಿಯವರು ಒಂದು ಬೆರಳು ಬಿಡೋಕೂ ಹಿಂದೆಮುಂದೆ ನೋಡ್ತಾರೆ. ನಮ್ಮಪ್ಪ ಹೇಳ್ತಿದ್ರು, ಮೈ ಅನ್ನೋದು ದರ್ಜಿಯನ್ನ ಕೇಳಿ ಬೆಳೆಯಲ್ಲ, ಒಳಗೆ ಜಾಗ ಬಿಡು ಅಂತ. ಬೇಕಾದ್ರೆ ನಮ್ಮ ಕೋಟು ನೋಡಿ.” ಎಂದವಳೇ ತನ್ನ ಕೋಟಿನ ಅಂಚು ಮಗುಚಿ ಒಳಮೈ ತೋರಿಸಿದಳು. “ಇವಳ ಕೋಟಿಗೂ ಇಷ್ಟೇ ಬಿಟ್ಟಿದ್ದೀನಿ. ಇವಳದಕ್ಕೆ ನಾನು ಟೇಪು ಕೂಡ ಹಿಡಿಯಲ್ಲ ಗೊತ್ತಾ? ನನ್ನ ತಂಗಿಯ ಅಳತೆ ನನಗೆ ಬಾಯಿಪಾಠ.”

ತಂಗಿ ತನ್ನ ಕೋಟನ್ನು ಮುಂದಕ್ಕೆ ಎಳೆದುಕೊಂಡು, “ಹೊತ್ತಾಯ್ತು, ನಡಿ ಅಕ್ಕ” ಎಂದಳು.

ಬಾಯಿಪಾಠ ಎನ್ನುವುದು ಅಕ್ಕ ಗಿರಾಕಿಗಳ ಮುಂದೆ ಎಂದೂ ಬಿಡದೆ ಹೇಳುವ ಮಾತು. ಅಂಗಡಿಯ ಗೋಡೆಯಲ್ಲಿ ಮೊಳೆಗೆ ತೂಗಿದ, ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ರಟ್ಟಿನ ಅಚ್ಚುಗಳಲ್ಲಿ ಒಂದು ತಂಗಿಯದು. ಅಪ್ಪ ತೀರಿಕೊಂಡ ವರ್ಷ, ಕತ್ತರಿ ತನ್ನ ಕೈಗೆ ಬಂದಾಗ, ಅಕ್ಕ ಮೊಟ್ಟಮೊದಲು ಅಳತೆ ತೆಗೆದದ್ದು ತಂಗಿಯದೇ, ಮಾಡಿದ ಮೊದಲ ಅಚ್ಚು ಅದೇ. ಅಂಚು ಸವೆದರೆ ಹೊಸ ರಟ್ಟಿಗೆ ಹಾಗೇ ಇಳಿಸಿಕೊಳ್ಳುವಳು.

ಅಂದು ಸಂಜೆ ಅವರು ಕೋಟೆಗೋಡೆಯ ಮೇಲಿನ ಕಾಲುದಾರಿಯಲ್ಲಿ ನಡೆದರು. ಒಂದು ಕಡೆ ನದಿ, ಇನ್ನೊಂದು ಕಡೆ ಕೆಳಗೆ ಹೆಂಚಿನ ಸೂರುಗಳು. ಹೊಸ ಹೆಂಚು ಕೆಂಪು, ಹಳೆಯದು ಕಂದು, ಅತಿ ಹಳೆಯದರ ಮೇಲೆ ಪಾಚಿಯ ಹಸಿರು. ತೇಪೆ ಹಾಕಿದರೂ ಎಷ್ಟು ಚೆಂದ ನೋಡು ಎಂದು ಅಕ್ಕ ಹೇಳುತ್ತಲೇ ಇದ್ದಳು. ಸೂರುಗಳ ನಡುವೆ ಯಾರೋ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು, ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು. ಬಿಸಿಲು ಗೋಪುರದ ಕುತ್ತಿಗೆಗೆ ಏರಿತ್ತು.

“ಅಕ್ಕ,” ಎಂದಳು ತಂಗಿ. “ಯೋಚನೆ ಮಾಡಿದ್ಯಾ?”

“ಆ ಹೊಗೆಗೂಡು ನೋಡೇ, ಮೇಲೆ ಪುಟ್ಟ ಮನೆ ಕಟ್ಟಿದ್ದಾರೆ. ಹೊಗೆಗೂ ಒಂದು ಮನೆ!”

“ನೋಡಿದೆ.”

“ನಾಳೆ ಗಂಟೆಗೋಪುರ ಹತ್ತೋಣ.”

“ಹತ್ತೋಣ,” ಎಂದಳು ತಂಗಿ. ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಸ್ವಭಾವವೇ ಹಾಗೆ, ಒಮ್ಮೆ ಕೇಳುವಳು, ಸಿಗದಿದ್ದರೆ ಸುಮ್ಮನಾಗುವಳು.

ಅಕ್ಕನಿಗೆ ಆಗ ತನ್ನ ಮೇಲೇ ಸಿಟ್ಟು ಬಂತು. ಆದರೆ ಹೆದರಿಕೆ ಸಿಟ್ಟಿಗಿಂತ ದೊಡ್ಡದು. ಎಣ್ಣೆಡಬ್ಬಿ ಕೆಟ್ಟವನಲ್ಲ, ಅದು ಅವಳಿಗೆ ಗೊತ್ತು. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ತಂಗಿ ಹೋದರೆ ತಾನು ಕತ್ತರಿಸಿದ್ದನ್ನು ಹೊಲಿಯುವವರು ಯಾರು ಎಂಬುದು ಬಾಯಲ್ಲಿ ಹೇಳಿಕೊಳ್ಳಬಹುದಾದ ಕಾರಣ. ನಿಜವಾದ ಕಾರಣ ಅದಲ್ಲ. ‘ಚೆನ್ನಾಗಿದೆ ಕಣೇ’ ಎನ್ನಲು ಪಕ್ಕದಲ್ಲಿ ಆ ಒಬ್ಬಳು ಇಲ್ಲದಿದ್ದರೆ, ಊರು ಎಷ್ಟು ಚೆನ್ನಾಗಿದ್ದು ಏನು ಬಂತು? ತಂಗಿ ಇಲ್ಲದ ಮನೆಗೆ ಬೀಗ ತೆಗೆದು ಒಳಹೋಗುವುದನ್ನು ನೆನೆಯಲೂ ಅವಳಿಗೆ ಆಗುತ್ತಿರಲಿಲ್ಲ. ಎಷ್ಟು ಅಳೆದು ಸುರಿದರೂ ಉತ್ತರ ಒಂದೇ ಬರುತ್ತಿತ್ತು. ನಾಳೆ ರೈಲು ಹತ್ತಿ ಕೂತ ಮೇಲೆ, ಕಿಟಕಿಯ ಕಡೆ ನೋಡುತ್ತ, ‘ಬೇಡ ಕಣೇ’ ಎಂದು ಹೇಳಿಬಿಡುವುದು. ಹೀಗೆ ನಿಶ್ಚಯಿಸಿಕೊಂಡು ಅವಳು ತಂಗಿಯ ತೋಳಿಗೆ ತೋಳು ಸೇರಿಸಿ ನಡೆದಳು.

ಮೂರನೆಯ ದಿನ ಗಂಟೆಗೋಪುರ. ಸುರುಳಿ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಇಳಿದು ಬರುವವರಿಗೆ ದಾರಿ ಬಿಡಲು ಗೋಡೆಯಲ್ಲಿ ಗೂಡು ಕೊರೆದಿದ್ದರು. ಅಕ್ಕ ಅಂಥ ಪ್ರತಿ ಗೂಡಿನಲ್ಲೂ ನಿಂತು, ದಾರಿ ಬಿಡುವ ನೆಪದಲ್ಲಿ ಉಸಿರು ತೆಗೆದುಕೊಂಡಳು. ಮೇಲೆ ಹೋದ ಮೇಲೆ ಇಬ್ಬರೂ ಅಂಚಿನ ಗೋಡೆಗೆ ಕೈಯೂರಿ ನಿಂತರು. ಇಡೀ ಊರು ಕಾಲಕೆಳಗಿತ್ತು. ಬೀದಿಗಳೆಲ್ಲ ಎಲ್ಲಿಂದಲೋ ಹೊರಟು ಚೌಕಕ್ಕೆ ಬಂದು ಸೇರುವುದು, ಕೋಟೆಗೋಡೆ ಊರನ್ನು ಮೆಲ್ಲಗೆ ತಬ್ಬಿಕೊಂಡಿರುವುದು, ನದಿ ಸೇತುವೆಯ ಕಮಾನುಗಳೊಳಗೆ ನುಸುಳಿ ಮತ್ತೆ ಒಂದಾಗುವುದು ಎಲ್ಲ ಒಂದೇ ನೋಟಕ್ಕೆ ಸಿಕ್ಕಿತು. ಇಷ್ಟು ಜನ ಇಷ್ಟು ಕಾಲ ಒಂದು ಜಾಗವನ್ನು ಪ್ರೀತಿಯಿಂದ ರಿಪೇರಿ ಮಾಡುತ್ತ ಬಂದಿದ್ದಾರಲ್ಲ ಎಂದು ಅಕ್ಕನ ಕಣ್ಣು ಒದ್ದೆಯಾಯಿತು. ಹೀಗೆ ಸುಮ್ಮಸುಮ್ಮನೆ ಕಣ್ಣೀರು ಹಾಕುವವಳಲ್ಲ ಅವಳು.

“ಅಕ್ಕಾ, ಅಲ್ಲಿ ನೋಡು! ನಮ್ಮ ರೈಲು ಹೋಗೋ ದಾರಿ!” ತಂಗಿ ಹುಡುಗಿಯಂತೆ ತೋಳು ಚಾಚಿದಳು.

ಚರ್ರ್ ಎಂದಿತು.

ಕೋಟಿನ ಪಕ್ಕದ ಹೊಲಿಗೆ ಕಂಕುಳಿನಿಂದ ಸೊಂಟದವರೆಗೆ ಬಾಯಿ ಬಿಟ್ಟಿತ್ತು. ಅಕ್ಕನಿಗೆ ಗೋಪುರವೇ ಅಲುಗಿದಂತಾಯಿತು. ತಮ್ಮ ಅಂಗಡಿಯ ಕೋಟು ಹರಿಯುವುದೇ? ಅದೂ ಮೂರನೆಯ ದಿನಕ್ಕೆ, ಅದೂ ನಾಲ್ಕು ಜನರೆದುರು?

“ತೆಗಿ ಇಲ್ಲಿ, ನೋಡ್ತೀನಿ.”

“ಬೇಡ ಬಿಡು ಅಕ್ಕ. ಮೇಲೆ ಶಾಲು ಹೊದ್ಕೋತೀನಿ. ಮನೆಗೆ ಹೋಗಿ ನಾನೇ ಹೊಲಿತೀನಿ.”

“ಹೊಲಿಯೋದು ನೀನೇ, ನಂಗೆಲ್ಲಿ ಬರುತ್ತೆ. ಯಾಕೆ ಹರೀತು ಅಂತ ನೋಡಬೇಕು ನಾನು. ತಪ್ಪು ನೂಲಿಂದೋ, ಬಟ್ಟೇದೋ, ನನ್ನ ಕತ್ತರೀದೋ?” ಹರಿದದ್ದಕ್ಕೆ ಕಾರಣ ಕಾಣುವ ಮೊದಲು ಸೂಜಿ ಹಿಡಿಯಬಾರದು ಎನ್ನುವುದು ಅಪ್ಪನ ಕಾಲದಿಂದ ಅಂಗಡಿಯ ಕಟ್ಟುಪಾಡು. ತಂಗಿಗೆ ಅದು ಗೊತ್ತಿಲ್ಲದ್ದಲ್ಲ. ಆದರೂ ಅವಳು ಎರಡೂ ಕೈಯಲ್ಲಿ ಕೋಟನ್ನು ಹಿಡಿದುಕೊಂಡೇ ಗೋಪುರವನ್ನು ಇಳಿದಳು. ಹಿಂದೆ ಅಕ್ಕ ಗೊಣಗುತ್ತ ಇಳಿದಳು.

ಚೌಕದಲ್ಲಿ, ಕಾರಂಜಿಯ ಕಟ್ಟೆಯ ಮೇಲೆ ಕೂರಿಸಿ, “ಈಗ ತೆಗೀತೀಯೋ, ನಾನೇ ತೆಗೀಲೋ?” ಎಂದಳು ಅಕ್ಕ. ತಂಗಿ ಕೋಟು ಬಿಚ್ಚಿ ಕೊಟ್ಟು, ನೀರಿನ ಕಡೆ ಮುಖ ಮಾಡಿ ಕೂತಳು.

ಅಕ್ಕ ಕೋಟನ್ನು ಒಳಮಗ್ಗುಲಾಗಿಸಿ ತೊಡೆಯ ಮೇಲೆ ಹರಡಿದಳು. ನೂಲು ಗಟ್ಟಿಯೇ ಇತ್ತು. ಬಟ್ಟೆಯೂ ಸರಿಯಾಗಿತ್ತು. ಅವಳ ನೀಲಿ ಗೆರೆಯೂ ಇತ್ತು, ಅವಳೇ ಎಳೆದದ್ದು, ಕಂಕುಳಿನ ಕೆಳಗೆ ಒಳಬಾಗಿ ಸೊಂಟದಲ್ಲಿ ಹೊರಬಾಗುವ ಅವಳದೇ ಗೆರೆ. ಆದರೆ ಆ ಗೆರೆಯ ಮೇಲೆ ಹೊಲಿಗೆ ಇರಲಿಲ್ಲ. ಹೊಲಿದು ಬಿಚ್ಚಿದ ಸೂಜಿಯ ತೂತುಗಳೂ ಇರಲಿಲ್ಲ. ಹೊಲಿಗೆ ಗೆರೆಯನ್ನು ಬಿಟ್ಟು ಎರಡು ಬೆರಳು ಆಚೆಗೆ, ಬಟ್ಟೆಯ ಕಟ್ಟಕಡೆಯ ಅಂಚಿಗೆ ಹತ್ತಿಕೊಂಡು ಓಡಿತ್ತು. ಅಲ್ಲಿ ಹಿಡಿತಕ್ಕೆ ನಾಲ್ಕು ಎಳೆಯೂ ಉಳಿದಿರಲಿಲ್ಲ. ತೋಳು ಚಾಚಿದರೆ ಹರಿಯದೆ ಇನ್ನೇನಾದೀತು.

ಇನ್ನೊಂದು ಪಕ್ಕ ನೋಡಿದಳು. ಅಲ್ಲೂ ಹಾಗೇ. ಬೆನ್ನಿನ ಹೊಲಿಗೆ ನೋಡಿದಳು, ಹಾಗೇ.

ಕೈ ತಪ್ಪಿ ಹೀಗೆ ಹೊಲಿಯುವ ಕೈಯಲ್ಲ ಅದು. ಅಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಗೆರೆಯ ಅಳತೆ ತಂಗಿಗೆ ಸಾಲುತ್ತಿರಲಿಲ್ಲ.

“ಈ ಕೋಟು ಒಂದೇನಾ?”

ತಂಗಿ ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆದಳು.

“ಎಲ್ಲಾನಾ?”

“ಎಲ್ಲಾ.”

“ಯಾವಾಗಿಂದ?”

“ಮೊದಮೊದಲು ಅರ್ಧ ಬೆರಳು ಆಚೆ ಹೊಲಿತಿದ್ದೆ. ಆಮೇಲೆ ಒಂದು ಬೆರಳು. ವರ್ಷ ಹೋದ ಹಾಗೆ ಆಚೆ ಆಚೆ ಹೋಯ್ತು. ಈ ಕೋಟಿಗೆ ಪೂರ್ತಿ ಮುಗೀತು.” ತಂಗಿ ನೀರಿನಲ್ಲಿ ಬೆರಳಾಡಿಸಿದಳು. “ಬೇರೆ ಬಟ್ಟೇಲಿ ಒಂದು ಒಗೆತಕ್ಕೆ ಗೆರೆ ಹೋಗ್ಬಿಡುತ್ತೆ. ಇದನ್ನ ಒಗೆದಿರಲಿಲ್ಲ.”

“ಬಾಯಿ ಇರಲಿಲ್ವಾ ನಿಂಗೆ? ಅಳತೆ ತಗೋ ಅಕ್ಕ, ಬಿಗಿಯಾಗುತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?”

“ನೀನು ಎಲ್ಲರ ಹತ್ರ ಹೇಳ್ತಿದ್ಯಲ್ಲ, ನನ್ನ ತಂಗಿಯ ಅಳತೆ ನನಗೆ ಬಾಯಿಪಾಠ ಅಂತ. ಎಷ್ಟು ಖುಷಿಯಿಂದ ಹೇಳ್ತಿದ್ದೆ! ನಂಗೂ ಕೇಳೋಕೆ ಚೆನ್ನಾಗಿತ್ತು.” ಬೆರಳನ್ನು ನೀರಿನಿಂದ ತೆಗೆದು ಅವಳೇ ಹೇಳಿದಳು, “ಅವರು ಒಂದ್ಸಲ ಯಂತ್ರ ನೋಡೋಕೆ ಬಂದಾಗ ಕೇಳಿದ್ರು, ನಿಮ್ಮ ಬಟ್ಟೆ ಮಾತ್ರ ಯಾಕೆ ಗೆರೆ ಬಿಟ್ಟು ಹೊಲಿತೀರಿ ಅಂತ. ಅಕ್ಕಂಗೆ ಹೇಳ್ಬೇಡಿ ಅಂದೆ. ಹೇಳಲಿಲ್ಲ.”

ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆಯನ್ನು ಅಕ್ಕ ಎಷ್ಟು ಜನಕ್ಕೆ ಹೇಳಿರಲಿಲ್ಲ! ಕಾವಲುಗಾರನ ಹೆಗಲು ಕಂಡಿತ್ತು, ಟಿಕೆಟ್ ಹೆಂಗಸಿನ ಬಿಗಿಹಿಡಿದ ಉಸಿರು ಕಂಡಿತ್ತು, ಕಲ್ಲಿನ ದೊರೆಯ ಕಾಜವೂ ಕಂಡಿತ್ತು. ದಿನಾ ತಟ್ಟೆಯ ಪಕ್ಕ ತಟ್ಟೆ ಇಟ್ಟು ಉಣ್ಣುವವಳ ಮೈ ಕಾಣಲಿಲ್ಲ. ಎಣ್ಣೆಡಬ್ಬಿಗೆ ಕಂಡಿತು. ಕಂಡು ಸುಮ್ಮನೂ ಇದ್ದ, ಪುಣ್ಯಾತ್ಮ.

ಅವಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು, ಅದರ ಹಿಂದೆಯೇ ಹೆದರಿಕೆ ಹುಟ್ಟಿತು. ಸಂಜೆ ರೈಲಿನಲ್ಲಿ ತಾನು ‘ಬೇಡ’ ಅಂದಿದ್ದರೆ ಇವಳು ‘ಆಯ್ತಕ್ಕ’ ಎನ್ನುತ್ತಿದ್ದಳು. ಆ ‘ಬೇಡ’ವನ್ನೂ ಹೀಗೇ ಸದ್ದಿಲ್ಲದೆ ಮೈಗೆ ಹೊಂದಿಸಿಕೊಂಡು, ಗುಂಡಿ ಹಾಕಿಕೊಂಡು, ಯಂತ್ರದ ಮುಂದೆ ಕೂರುತ್ತಿದ್ದಳು. ತನಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಹೊಂದಿಸಿಕೊಳ್ಳಲು ಒಳಗೆ ಇನ್ನು ಬಟ್ಟೆ ಇರಲಿಲ್ಲ. ಇದ್ದ ಎರಡು ಬೆರಳನ್ನೂ ಅವಳು ತನಗಾಗಿ ಬಳಸಿ ಮುಗಿಸಿದ್ದಳು.

ಅಕ್ಕ ಕಣ್ಣೊರೆಸಿಕೊಂಡು ಚೀಲಕ್ಕೆ ಕೈಹಾಕಿದಳು. ಟೇಪು ಸಿಕ್ಕಿತು.

“ಎದ್ದು ನಿಲ್ಲು.”

“ಇಲ್ಲೇನಾ? ಎಲ್ಲರೂ ನೋಡ್ತಾರೆ ಅಕ್ಕ.”

“ನೋಡ್ಲಿ. ಊರು ನೋಡೋಕೆ ಬಂದಿಲ್ವಾ ನಾವು? ಊರೂ ನಮ್ಮನ್ನ ನೋಡ್ಲಿ.”

ತಂಗಿ ಎದ್ದು ನಿಂತಳು. ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರು ಮುದುಕಿಯರು ಮಾತು ನಿಲ್ಲಿಸಿ ತಿರುಗಿದರು. ಅಕ್ಕ ಟೇಪನ್ನು ತಂಗಿಯ ಬೆನ್ನ ಹಿಂದಿನಿಂದ ತಂದು ಎದೆಯ ಮೇಲೆ ಸೇರಿಸಿದಳು. ಇವಳ ಬೆನ್ನು ಯಾವಾಗ ಇಷ್ಟು ಅಗಲವಾಯಿತು, ಹೆಗಲು ಯಾವಾಗ ಮುಂದಕ್ಕೆ ಬಾಗಿತು? ಯಂತ್ರದ ಮೇಲೆ ಬಗ್ಗಿ ಬಗ್ಗಿ ಆದದ್ದು. ಎಲ್ಲ ತನ್ನ ಗೆರೆಗಳ ಮೇಲೆ ಬಗ್ಗಿದ್ದು.

“ಉಸಿರು ಬಿಗಿ ಹಿಡೀಬೇಡ ಕಣೇ.”

“ಇಲ್ಲ.”

“ಹಿಡಿದಿದ್ದೀಯ. ನಂಗೊತ್ತಾಗಲ್ವಾ? ಬಿಡು.”

ತಂಗಿ ಉಸಿರು ಬಿಟ್ಟಳು. ಟೇಪು ಅಕ್ಕನ ಬೆರಳುಗಳ ನಡುವೆ ಜಾರಿ, ಇನ್ನಷ್ಟು ಜಾರಿ, ನಿಂತಿತು. ಅಕ್ಕ ಅಂಕಿ ನೋಡಿ, ತುಟಿಯಲ್ಲೇ ಹೇಳಿಕೊಂಡು, ಸೊಂಟಕ್ಕೆ ಇಳಿದಳು, ತೋಳಿಗೆ ಹೋದಳು, ಕುತ್ತಿಗೆಗೆ ಬಂದಳು. ಯಾವುದೂ ಬಾಯಿಪಾಠದಲ್ಲಿರಲಿಲ್ಲ. ಎಲ್ಲ ಹೊಸದು.

“ಕೋಟಿಗೆ ಇಷ್ಟೆಲ್ಲ ಅಳತೆ ಯಾಕೆ?” ಎಂದಳು ತಂಗಿ.

“ಕೋಟಿಗಲ್ಲ. ಎಣ್ಣೆಡಬ್ಬಿ ಪಕ್ಕ ನಿಲ್ಲೋವಾಗ ಹರಿದ ಕೋಟಲ್ಲಿ ನಿಲ್ತೀಯಾ? ರೈಲು ಇಳಿದಾಗ ಅವನು ಪೆಟ್ಟಿಗೆ ಹೊರೋಕೆ ಬರ್ತಾನಲ್ಲ, ನಾನೇ ಹೇಳ್ತೀನಿ. ಪೆಟ್ಟಿಗೆ ಜೊತೆಗೆ ಅತ್ತಿಗೆಯ ಬೈಗುಳಾನೂ ಹೊರಬೇಕಾಗುತ್ತೆ ಅಂತ.”

ತಂಗಿ ಅಕ್ಕನ ಹೆಗಲಿಗೆ ಹಣೆಯಿಟ್ಟು ನಿಂತುಬಿಟ್ಟಳು. ಟೇಪು ಇಬ್ಬರ ನಡುವೆ ಸಿಕ್ಕಿಕೊಂಡಿತು. ಮೆಟ್ಟಿಲ ಮೇಲಿನ ಮುದುಕಿಯರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಮೇಲೆ ಗೋಪುರದ ಗಂಟೆ ಹೊಡೆಯಿತು. ರೈಲಿಗೆ ಇನ್ನೂ ಹೊತ್ತಿತ್ತು.

“ನೀನು ಒಬ್ಳೇ ಹೇಗಿರ್ತೀಯಾ?” ಹೆಗಲಿನಿಂದಲೇ ಬಂತು ತಂಗಿಯ ದನಿ.

“ಕಷ್ಟ ಆಗುತ್ತೆ,” ಎಂದಳು ಅಕ್ಕ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. “ತುಂಬ ಕಷ್ಟ ಆಗುತ್ತೆ. ಆದ್ರೂ ಆಗ್ಲಿ. ಬಸ್ಸಿದೆಯಲ್ಲ, ನೀನು ಬಾರದ ವಾರ ನಾನೇ ಬರ್ತೀನಿ.” ಆಮೇಲೆ ಮೂಗು ಒರೆಸಿಕೊಂಡು ತನ್ನ ಎಂದಿನ ಜೋರಿಗೆ ಬಂದಳು. “ಒಂದು ಮಾತು. ಮದುವೆ ಬಟ್ಟೇನ ನೀನು ಹೊಲಿಯೋ ಹಾಗಿಲ್ಲ. ಯಾರ ಬಟ್ಟೇನಾದ್ರೂ ಹೊಲಿ, ಅದೊಂದನ್ನ ಬೇಡ. ಅದನ್ನ ನಾನೇ ಹೊಲಿತೀನಿ.”

ತಂಗಿ ತಲೆ ಎತ್ತಿದಳು. ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು. “ನಿಂಗೆ ಯಂತ್ರದಲ್ಲಿ ನೂಲು ಪೋಣಿಸೋಕೂ ಬರಲ್ಲ ಅಕ್ಕ. ಗೆರೆ ಮೇಲೆ ಹೋಗುತ್ತಾ ನಿನ್ನ ಹೊಲಿಗೆ?”

ಅಕ್ಕ ಟೇಪನ್ನು ಸುರುಳಿ ಸುತ್ತಿ ತಂಗಿಯ ಕೈಗೆ ಇಟ್ಟಳು.

“ಗೆರೆ ನೀನು ಹಾಕು,” ಎಂದಳು. “ಅದರ ಮೇಲೆ ಹೊಲಿಯೋದನ್ನ ನಾನು ಕಲಿತೀನಿ.”